ಅಕ್ಕ ಹೊಲಿದ ಜೇಬು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಇಲ್ಲಿ ನಾನು ಬೈಯುವುದು ಜಾಸ್ತಿ, ಬೈಸಿಕೊಳ್ಳುವವಳು ಒಬ್ಬಳೇ. ಅವಳು ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಮದುವೆಯಾಗಿ ಬಂದ ಹೊಸದರಲ್ಲಿ ‘ಅಕ್ಕಾ, ನೀವು’ ಎನ್ನುತ್ತಿದ್ದೆ. ಬಹುವಚನದಲ್ಲಿ ಜಗಳ ಆಡುವುದು ಕಷ್ಟವಾಯಿತು, ‘ನೀನು’ ಮಾಡಿಕೊಂಡೆ. ಅಕ್ಕ ಬೇಸರ ಮಾಡಿಕೊಳ್ಳಲಿಲ್ಲ. ಅವಳು ಬೇಸರ ಮಾಡಿಕೊಂಡಿದ್ದನ್ನು ನಾನು ನೋಡಿದ್ದೇ ಕಡಿಮೆ. ನನ್ನ ಕೋಪಕ್ಕೆ ಅದೂ ಒಂದು ಕಾರಣ.

ನಾವಿಬ್ಬರೂ ಸೇರಿ ಹೊಲಿಗೆ ಅಂಗಡಿ ನಡೆಸಿದವರು. ಬೀದಿಗೆ ತೆರೆದ ಒಂದೇ ಕೋಣೆ. ಕಿಟಕಿ ಪಕ್ಕ ನನ್ನ ಮಷಿನ್, ಅದರ ಹಿಂದೆ ಇಸ್ತ್ರಿ ಮೇಜು, ಅದರ ಹಿಂದೆ, ಹಗಲಲ್ಲೂ ದೀಪ ಹಾಕಬೇಕಾದ ಮೂಲೆಯಲ್ಲಿ, ಅಕ್ಕನ ಕುರ್ಚಿ. ಅಳತೆ, ಕತ್ತರಿ, ಮಷಿನ್, ಗಿರಾಕಿಗಳ ಜೊತೆ ಮಾತು ನನ್ನ ಪಾಲು. ಕಾಜಾ, ಗುಂಡಿ, ಕೋಟಿನ ಒಳಗಿನ ಲೈನಿಂಗು, ಕೈಯಿಂದ ಆಗಬೇಕಾದ್ದೆಲ್ಲ ಅವಳ ಪಾಲು. ಗಿರಾಕಿಗಳು ಅವಳಿಗೆ ಗಂಟಕ್ಕ ಎಂದು ಹೆಸರಿಟ್ಟಿದ್ದರು. ಅವಳು ಹಾಕಿದ ಗುಂಡಿ ಕಿತ್ತು ಬಂದದ್ದು ಯಾರಿಗೂ ಗೊತ್ತಿಲ್ಲ. ಅಂಗಿ ಹಳತಾಗಿ ನೆಲ ಒರೆಸುವ ಬಟ್ಟೆಯಾದ ಮೇಲೂ ಗುಂಡಿ ಅಲ್ಲೇ ಭದ್ರವಾಗಿರುತ್ತಿತ್ತು, ಒರೆಸುವವರ ಕೈಗೆ ಚುಚ್ಚುತ್ತಿತ್ತು.

ಮಷಿನ್‌ಗೆ ಕೊಡುವ ಮೊದಲು ಎಲ್ಲ ದರ್ಜಿಗಳೂ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಬಟ್ಟೆ ಕೂಡಿಸಿಕೊಳ್ಳುತ್ತಾರೆ, ಕೆಲಸವಾದ ಮೇಲೆ ಆ ದಾರ ಎಳೆದು ಬಿಸಾಡುತ್ತಾರೆ. ನಾನೂ ಹಾಗೇ. ಅಕ್ಕ ಮಾತ್ರ ಗುಂಡುಪಿನ್ನು ಚುಚ್ಚಿಕೊಂಡು ನೇರವಾಗಿ ಪಕ್ಕಾ ಹೊಲಿಗೆಗೇ ಕೈ ಹಾಕುವವಳು. ಕೇಳಿದರೆ, ‘ಬಿಚ್ಚೋದಕ್ಕೇ ಅಂತ ಹೊಲಿಯೋದಾದ್ರೆ ಹೊಲಿಯೋದ್ಯಾಕೆ?’ ಎನ್ನುತ್ತಿದ್ದಳು. ಅವಳ ಹೊಲಿಗೆ ಬಿಚ್ಚುವ ಕೆಲಸ ಬಂದರೆ ನನ್ನ ಅರ್ಧ ದಿನ ಹಾಳು.

ಭಾವ ತೀರಿಕೊಂಡ ಮೇಲೂ ಅಕ್ಕ ನಮ್ಮ ಜೊತೆಯಲ್ಲೇ ಇದ್ದಳು, ಅಂಗಡಿಯಲ್ಲೇ ಇದ್ದಳು. ಅವಳ ಮಗಳು ಮದುವೆಯಾಗಿ ಸಮುದ್ರದಾಚೆಯ ಒಂದು ಬಂದರು ಊರಿನಲ್ಲಿದ್ದಾಳೆ, ಅಲ್ಲಿ ಮಕ್ಕಳ ಶಾಲೆಯ ಟೀಚರು. ಹೋದ ವರ್ಷ ಅವಳಿಗೆ ಅವಳಿ ಮಕ್ಕಳಾದವು. ಅಕ್ಕನ ಬೆರಳುಗಳು ನಡುಗಲು ಶುರುವಾಗಿದ್ದೂ ಹೋದ ವರ್ಷವೇ. ಸೂಜಿಗೆ ದಾರ ಪೋಣಿಸುವಾಗ ಅವಳು ಗೋಡೆ ಕಡೆ ತಿರುಗುತ್ತಿದ್ದಳು, ನಾನು ಕಾಣದ ಹಾಗೆ ಇರುತ್ತಿದ್ದೆ. ಕೊನೆಗೆ ಮಗಳೇ ಫೋನಿನಲ್ಲಿ ತೀರ್ಮಾನ ಮಾಡಿದಳು: ಅಮ್ಮ ಇನ್ನು ಮೇಲೆ ನಮ್ಮನೆಯಲ್ಲಿರಲಿ. ಅಕ್ಕ ಒಪ್ಪಿದಳು. ಒಪ್ಪಬೇಕಾದ್ದೇ. ನಾನು ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ, ಮನೆಯವರು ಹೆಜ್ಜೆ ಸದ್ದಾಗದ ಹಾಗೆ ಓಡಾಡಿದರು.

ಆ ಹುಡುಗಿ ನನ್ನನ್ನು ಚಿಕ್ಕಮ್ಮ ಎನ್ನುತ್ತಾಳೆ, ನನ್ನ ಸ್ವಭಾವ ಅವಳಿಗೆ ಚೆನ್ನಾಗಿ ಗೊತ್ತು. ‘ಚಿಕ್ಕಮ್ಮಾ, ಇಷ್ಟು ವರ್ಷ ನೀವಿಬ್ರೂ ಒಂದು ದಿನ ಸುಮ್ನೆ ಕೂತಿದ್ದೇ ನಾನು ನೋಡಿಲ್ಲ. ಅಮ್ಮ ವಿಮಾನದಲ್ಲಿ ಬಂದು ಇಲ್ಲಿ ಇಳಿಯೋದು ಬೇಡ. ಹಡಗಲ್ಲಿ ಬರ್ಲಿ, ನೀವೂ ಜೊತೇಲಿ ಬನ್ನಿ. ಒಂದು ವಾರದ ಕ್ರೂಸ್. ಕೊನೇ ನಿಲ್ದಾಣ ನಮ್ಮೂರು,’ ಎಂದಳು. ಹಡಗು ಹತ್ತುವ ಊರಿಗೆ ಹೋಗಲು ಎರಡು ವಿಮಾನ ಹಿಡಿಯಬೇಕಿತ್ತು. ಮೊದಲನೆಯದು ಇಡೀ ರಾತ್ರಿ ಹಾರುವ ದೊಡ್ಡದು. ಎರಡನೆಯದು ಚಿಕ್ಕದು. ನಡುವೆ ಇದ್ದ ಹೊತ್ತು ಒಂದು ಪ್ಯಾಂಟಿನ ಉದ್ದ ಕಡಿಮೆ ಮಾಡಲೂ ಸಾಲದು. ‘ಬೇರೆ ಟಿಕೆಟ್ ಸಿಗ್ಲಿಲ್ಲ ಚಿಕ್ಕಮ್ಮ. ಅದು ತಪ್ಪಿದ್ರೆ ಹಡಗೂ ತಪ್ಪಿದ ಹಾಗೇ, ಅದು ಅವತ್ತು ಸಂಜೇನೇ ಹೊರಟುಬಿಡುತ್ತೆ. ಆಮೇಲೆ ಅಮ್ಮನ್ನ ಅಲ್ಲಿಂದಲೇ ನಮ್ಮೂರ ವಿಮಾನ ಹತ್ತಿಸಿ, ನೀವು ವಾಪಸ್ ಹೋಗ್ಬೇಕಾಗುತ್ತೆ,’ ಎಂದೂ ಹೇಳಿದ್ದಳು.

ಅಂದರೆ ನಮ್ಮಿಬ್ಬರಿಗೆ ಉಳಿದಿದ್ದು ಆ ಒಂದು ವಾರ. ವಿಮಾನ ತಪ್ಪಿದರೆ ಅದೂ ಇಲ್ಲ, ಯಾವುದೋ ಊರಿನ ನಿಲ್ದಾಣದಲ್ಲಿ ಅವಳು ಆ ಕಡೆ, ನಾನು ಈ ಕಡೆ.

ಹೊರಡುವ ದಿನ ತಪಾಸಣೆಯವರು ನನ್ನ ಕೈಚೀಲ ಬಗೆದು ಕತ್ತರಿ, ದಾರ ಕತ್ತರಿಸುವ ಪುಟ್ಟ ಕಟರು, ಹೊಲಿಗೆ ಬಿಚ್ಚುವ ಕೊಕ್ಕೆ, ಮೂರನ್ನೂ ಎತ್ತಿಟ್ಟುಕೊಂಡರು. ಅಕ್ಕನ ಚೀಲದಲ್ಲಿ ಸೂಜಿ, ಮೇಣ ಸವರಿದ ದಾರದ ಉಂಡೆ ಇತ್ತು. ಅದನ್ನು ಹಿಂದಕ್ಕೆ ಕೊಟ್ಟು, ‘ಸೂಜಿ ಪರವಾಗಿಲ್ಲಮ್ಮ,’ ಎಂದರು.

‘ಹೊಲೀಬಹುದು, ಬಿಚ್ಚಬಾರದು. ಇದ್ಯಾವ ಕಾನೂನು?’ ಎಂದೆ ನಾನು.

‘ಒಳ್ಳೇ ಕಾನೂನು,’ ಎಂದಳು ಅಕ್ಕ.

ಪಾಸ್‌ಪೋರ್ಟುಗಳೆರಡೂ ಅವಳ ಹತ್ತಿರವೇ ಇದ್ದವು. ನಾನು ಕನ್ನಡಕವನ್ನು ತಲೆ ಮೇಲೆ ಇಟ್ಟುಕೊಂಡೇ ಮನೆಯೆಲ್ಲ ಹುಡುಕುವವಳು, ನನ್ನ ಕೈಗೆ ಕೊಡುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ವಿಮಾನ ತಡವಾಗಿ ಹೊರಟಿತು. ನಾನು ಆಗಲೇ ಗಡಿಯಾರ ನೋಡತೊಡಗಿದೆ. ನಮ್ಮ ಸಾಲಿನ ಕಿಟಕಿ ಪಕ್ಕ ಒಬ್ಬ ಔಷಧಿ ಕಂಪನಿಯ ಪ್ರತಿನಿಧಿ ಕೂತಿದ್ದ, ವಾರಕ್ಕೊಂದು ಸಲ ಹಾರುವವನು. ಪಾಪ, ಒಳ್ಳೆಯ ಮನುಷ್ಯ. ನೀರು ಕುಡೀತಾ ಇರಿ, ಆಗಾಗ ಎದ್ದು ಓಡಾಡಿ, ಪಾದ ತಿರುಗಿಸ್ತಾ ಇರಿ ಎಂದು ಹೇಳಿಕೊಟ್ಟ. ಅಕ್ಕ ಹೇಳಿದ್ದನ್ನೆಲ್ಲ ಚಾಚೂತಪ್ಪದೆ ಮಾಡಿದಳು. ನಾನು ಒಂದನ್ನೂ ಮಾಡದೆ ಶೂ ಬಿಚ್ಚಿ ಕಾಲು ಮಡಚಿ ಮಲಗಿದೆ. ಆಮೇಲೆ ಅವನು ಸುಮ್ಮನಿರದೆ, ನಾವು ಇಳಿಯುವ ನಿಲ್ದಾಣದಲ್ಲಿ ತನ್ನ ಗೆಳೆಯನ ಪಾಸ್‌ಪೋರ್ಟನ್ನು ಕಳ್ಳರು ಜೇಬಿನಿಂದಲೇ ಹಾರಿಸಿದ ಕಥೆಯನ್ನೂ ಅಕ್ಕನಿಗೆ ಹೇಳಿದನಂತೆ. ನಾನು ಆಗ ಗೊರಕೆಯಲ್ಲಿದ್ದೆ. ಎಚ್ಚರವಿದ್ದಿದ್ದರೆ ಅವನ ಬಾಯಿಯನ್ನೇ ಹೊಲಿದುಬಿಡುತ್ತಿದ್ದೆ.

ಎಚ್ಚರವಾದಾಗ ವಿಮಾನ ಇಳಿಯುತ್ತಿತ್ತು. ಪಾದ ಎರಡೂ ಬಾತು ಶೂ ಒಳಗೆ ಹೋಗುತ್ತಿಲ್ಲ. ಅಕ್ಕ ಕೋಟು ಹಾಕಿಕೊಂಡು, ಸ್ಕೂಲಿಗೆ ಹೊರಟ ಮಗುವಿನ ಹಾಗೆ ತಯಾರಾಗಿ ಕೂತಿದ್ದಳು, ಮುಖದಲ್ಲಿ ಏನೋ ಸಾಧಿಸಿದ ಕಳೆ. ಶೂ ಕೈಯಲ್ಲಿ ಹಿಡಿದು ಕಾಲುಚೀಲದಲ್ಲೇ ಎದ್ದೆನೋ ಬಿದ್ದೆನೋ ಎಂದು ಓಡಿದೆ. ಅಕ್ಕ ಮಂಡಿ ಹಿಡಿದುಕೊಂಡು ಹಿಂದೆ ಬಂದಳು. ಉದ್ದನೆಯ ಹಾದಿಗಳು, ತಾನೇ ಚಲಿಸುವ ನೆಲಗಳು, ಎಲ್ಲ ಮುಗಿದ ಮೇಲೆ ಹಾವಿನ ಹಾಗೆ ಸುತ್ತಿಕೊಂಡ ಸಾಲು. ‘ನಮ್ಮ ವಿಮಾನ ಹೋಗ್ಬಿಡುತ್ತೆ, ದಾರಿ ಬಿಡಿ,’ ಎಂದು ಬೇಡಿಕೊಂಡೆ. ಜನ ಬಿಟ್ಟರು. ಒಬ್ಬರೂ ಗೊಣಗಲಿಲ್ಲ. ಅದನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ, ಅವರಿಗೂ ಅವರವರ ವಿಮಾನ ಇತ್ತಲ್ಲ.

ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ಕೈ ಚಾಚಿ, ‘ಪಾಸ್‌ಪೋರ್ಟ್,’ ಎಂದ.

‘ಕೊಡು ಅಕ್ಕ,’ ಎಂದೆ.

ಅಕ್ಕ ಕೋಟಿನ ಎದೆ ತೆರೆದು ತೋರಿಸಿದಳು. ಒಳಗೆ ಎಡಗಡೆ, ಲೈನಿಂಗಿನ ಮೇಲೆ, ನಾಲ್ಕೂ ಕಡೆ ಮುಚ್ಚಿದ ಒಂದು ಜೇಬು. ಎಲ್ಲಿ ಶುರು, ಎಲ್ಲಿ ಕೊನೆ ಕಾಣದಂಥ ಹೊಲಿಗೆ. ಎರಡು ಪಾಸ್‌ಪೋರ್ಟುಗಳ ಅಂಚು ಬಟ್ಟೆಯ ಕೆಳಗೆ ಉಬ್ಬಿಕೊಂಡಿತ್ತು.

‘ಕಳ್ಳರು ಜಾಸ್ತಿ ಅಂದ್ರಲ್ಲ, ಅದಕ್ಕೆ ಶೌಚಾಲಯದಲ್ಲಿ ಕೂತು ಹೊಲಿದ್ಬಿಟ್ಟೆ,’ ಎಂದಳು. ‘ಇಳಿದ ಮೇಲೆ ನಿನ್ನ ಕಟರಲ್ಲಿ ಬಿಚ್ಕೊಳ್ಳೋಣ ಅಂತ.’

‘ಕಟರ್ ಎಲ್ಲಿದೆ ಅಕ್ಕ?’

ಅವಳ ಮುಖದ ಕಳೆ ಇಳಿದುಹೋಯಿತು. ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಬುದ್ಧಿ ಎಲ್ಲಿಟ್ಟಿದ್ದೆ, ಈ ಲೋಕದಲ್ಲಿ ಜಿಪ್ಪು ಅನ್ನೋದೊಂದು ಇದೆ ಗೊತ್ತಾ, ನಿನ್ನ ಗಂಟಿಗೆ ಬೆಂಕಿ ಹಾಕ, ಎಲ್ಲ ಅಂದೆ. ಹೊಲಿಗೆಗೆ ಬಾಯಿ ಹಾಕಿ ಕಚ್ಚಿದೆ. ನನ್ನ ಹಲ್ಲು ಗಟ್ಟಿ, ಆದರೆ ಅದು ಮೇಣದ ದಾರ, ಜೋಡಿ ಎಳೆ. ಲೈನಿಂಗನ್ನೇ ಹರಿಯಲು ನೋಡಿದೆ. ಹರಿಯಲಿಲ್ಲ. ಹರಿಯಬಾರದೆಂದು ಆ ಬಟ್ಟೆ ಆರಿಸಿದವಳು ನಾನೇ.

ತಿರುಗಿ ನಿಂತು, ‘ಯಾರ ಹತ್ರ ಆದ್ರೂ ಕತ್ತರಿ ಇದೆಯಾ, ಬ್ಲೇಡ್ ಇದೆಯಾ?’ ಎಂದು ಕೇಳಿದೆ. ಸಾಲಿನವರು ಮುಖ ಮುಖ ನೋಡಿಕೊಂಡರು. ಅವರ ಕತ್ತರಿಗಳೂ ಅವರವರ ಊರಿನ ತಪಾಸಣೆಯವರ ಡಬ್ಬಿಯಲ್ಲೇ ಬಿದ್ದಿದ್ದವು. ಅಷ್ಟು ಜನ ನಿಂತ ಆ ದೊಡ್ಡ ಹಾಲ್‌ನಲ್ಲಿ ಒಂದು ದಾರ ಕತ್ತರಿಸುವ ವಸ್ತು ಇಲ್ಲ. ಅಕ್ಕನನ್ನು ಇಲ್ಲೇ ಕಳಿಸಿಕೊಡಬೇಕು ಎನ್ನುವುದು ಆಗ ನಿಜವಾಗಿ ತಲೆಗೆ ಹೋಯಿತು. ಈ ಸಾಲಿನಲ್ಲಿ, ಕಾಲುಚೀಲದಲ್ಲಿ, ಬೈದು ಬೈದು.

ಅಧಿಕಾರಿ ಗಾಜಿನ ಹಿಂದಿನ ಬಾಗಿಲು ತೆಗೆದುಕೊಂಡು ಹೊರಗೆ ಬಂದ. ಬೈಯುತ್ತಾನೆ ಎಂದುಕೊಂಡೆ. ಅವನು ಬಗ್ಗಿ ಹೊಲಿಗೆ ನೋಡಿ, ‘ಕೈಯಲ್ಲಿ ಹೊಲಿದದ್ದಾ?’ ಎಂದು ಅಕ್ಕನನ್ನು ಕೇಳಿದ. ಅಕ್ಕ ತಪ್ಪು ಮಾಡಿದವಳ ಹಾಗೆ ತಲೆಯಾಡಿಸಿದಳು. ‘ನಾನು ಕತ್ತರಿ ಇಟ್ಕೊಳ್ಳೋ ಹಾಗಿಲ್ಲಮ್ಮ. ಯಾವ ಗೇಟು? ಅಲ್ಲಿಗೊಂದು ಫೋನ್ ಮಾಡ್ತೀನಿ,’ ಎಂದು ಒಳಗೆ ಹೋದ.

ಆಗ ಸಾಲಿನ ಹಿಂದಿನಿಂದ ಒಬ್ಬ ಹುಡುಗಿ, ಎದೆಗೆ ಮಗು ಕಟ್ಟಿಕೊಂಡವಳು, ಹಗ್ಗದ ಕೆಳಗೆ ನುಸುಳಿ ಬಂದಳು. ಮಗುವಿನ ಚೀಲದಲ್ಲಿ ಕೈ ಹಾಕಿ ಡೈಪರು, ಬಾಟಲಿ, ಟೋಪಿ ಎಲ್ಲ ನೆಲಕ್ಕೆ ಸುರಿದು, ಕೊನೆಗೆ ಒಂದು ಪುಟ್ಟ ಉಗುರು ಕಟರು ಹೊರತೆಗೆದಳು. ಕೂಸಿನ ಉಗುರು ತೆಗೆಯುವಂಥದ್ದು, ಮೇಲೆ ಬಾತುಕೋಳಿಯ ಚಿತ್ರ. ‘ಇದು ಆಗುತ್ತಾ ನೋಡಿ,’ ಎಂದಳು.

ಆಯಿತು. ಆದರೆ ಅದರ ಬಾಯಿಯೋ ಕೂಸಿನ ಬಾಯಿಯಷ್ಟೇ. ಒಂದೊಂದೇ ಹೊಲಿಗೆಯನ್ನು ಸೂಜಿಯಿಂದ ಎತ್ತಬೇಕು, ಕಟರಿಗೆ ಕೊಡಬೇಕು, ಕಟ್ ಎನ್ನಿಸಬೇಕು. ಅಕ್ಕ ಸೂಜಿ ಹಿಡಿದಳು, ಕೈ ನಡುಗಿ ಸೂಜಿ ಎಲ್ಲೆಲ್ಲೋ ಹೋಯಿತು. ಅಷ್ಟು ಜನರೆದುರು ಅವಳ ಕೈ ಹಾಗೆ ನಡುಗಿದ್ದನ್ನು ಕಂಡು ನನ್ನ ಕೋಪ ಎತ್ತ ಹೋಯಿತೋ ಗೊತ್ತಾಗಲಿಲ್ಲ. ‘ನೀನು ಬಟ್ಟೆ ಎಳೆದು ಹಿಡ್ಕೋ ಅಕ್ಕ, ನಾನು ಕತ್ತರಿಸ್ತೀನಿ,’ ಎಂದೆ. ಅಂಗಡಿಯಲ್ಲಿ ನಾವು ದಿನಾ ಕೂರುತ್ತಿದ್ದ ರೀತಿಯಲ್ಲೇ ಎದುರುಬದುರು ನೆಲಕ್ಕೆ ಕೂತೆವು. ಒಬ್ಬ ಎತ್ತರದ ಮನುಷ್ಯ ಫೋನಿನ ಬೆಳಕು ಬಿಟ್ಟ. ಯಾರೋ ಮುದುಕರು ನನ್ನ ಶೂ ಎತ್ತಿಕೊಂಡು, ಲೇಸು ಸಡಿಲಿಸಿ, ನನ್ನ ಬಾತ ಕಾಲಿಗೆ ತಾವೇ ಏರಿಸಲು ಶುರುಮಾಡಿದರು. ನಾನು ಬೇಡ ಎನ್ನಲೂ ಇಲ್ಲ, ಅಷ್ಟು ಹೊತ್ತೂ ಇರಲಿಲ್ಲ. ಮಗು ಅಳುತ್ತಿತ್ತು. ಅದರ ತಾಯಿ, ‘ನಿಧಾನಕ್ಕೆ ಮಾಡಿ, ನಮ್ದು ತಡ ಇದೆ,’ ಎನ್ನುತ್ತಿದ್ದಳು. ಅವಳ ವಿಮಾನ ನಮ್ಮದಕ್ಕಿಂತ ಸ್ವಲ್ಪವೇ ತಡ ಎಂದು ಅವಳ ಕೈಯಲ್ಲಿದ್ದ ಚೀಟಿಯಲ್ಲಿ ನಾನು ಓದಿದ್ದೆ.

ಜೇಬಿನ ಒಂದು ಬದಿ ಬಿಚ್ಚಿದ್ದೇ ಪಾಸ್‌ಪೋರ್ಟು ಎಳೆದುಕೊಂಡೆವು. ಠಪ್ ಠಪ್ ಎಂದು ಮುದ್ರೆ ಬಿತ್ತು. ಆ ಕಡೆ ಬ್ಯಾಟರಿ ಗಾಡಿಯವಳು ಕಾಯುತ್ತಿದ್ದಳು, ಅಧಿಕಾರಿಯೇ ಹೇಳಿ ಕರೆಸಿದ್ದ. ಗಾಡಿ ಹೊರಟಾಗ ತಿರುಗಿ ನೋಡಿದೆ. ಆ ತಾಯಿ ನೆಲದ ಮೇಲೆ ಕೂತು ಡೈಪರುಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಬಾತುಕೋಳಿಯ ಕಟರು ನನ್ನ ಮುಷ್ಟಿಯಲ್ಲೇ ಉಳಿದಿತ್ತು.

ಗೇಟಿನಲ್ಲಿ ವಾಕಿಟಾಕಿ ಹಿಡಿದವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ‘ಹೊಲಿಗೆ ಬಿಚ್ಚುತ್ತಿದ್ದವರು ನೀವೇನಾ?’ ಎಂದು ಕೇಳಿ ನಕ್ಕು ಒಳಗೆ ಬಿಟ್ಟಳು. ಕುರ್ಚಿಯಲ್ಲಿ ಕೂತ ಮೇಲೆ ಜೀವ ಜಾಗಕ್ಕೆ ಬಂತು. ಪೆಟ್ಟಿಗೆಗಳು ಮಾತ್ರ ನಮ್ಮಷ್ಟು ಜೋರಾಗಿ ಓಡಿರಲಿಲ್ಲ, ಹಿಂದೆಯೇ ಉಳಿದವು.

ಸಂಜೆ ಹಡಗಿನ ಏಣಿ ಹತ್ತುವಾಗ ಅಕ್ಕ, ‘ಆ ಮಗು ಚೆನ್ನಾಗಿರ್ಲಿ,’ ಎಂದಳು. ಆ ವಾರವೆಲ್ಲ ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. ಪೆಟ್ಟಿಗೆ ಎರಡನೇ ಬಂದರಿನಲ್ಲಿ ನಮ್ಮನ್ನು ಸೇರುವವರೆಗೆ ಉಟ್ಟಿದ್ದರಲ್ಲೇ ಇದ್ದೆವು. ಮಿರಮಿರ ಮಿಂಚುವವರ ನಡುವೆ ಸುಕ್ಕು ಕೋಟು ಹಾಕಿಕೊಂಡು ಕೂತು ಅವರ ಬಟ್ಟೆಗಳ ಹೊಲಿಗೆಗೆ ಅಂಕ ಕೊಟ್ಟೆವು. ಹೆಚ್ಚಿನವರು ಫೇಲು.

ಹಗಲು ಹಡಗಿನ ಮೇಲಿನ ಡೆಕ್‌ನಲ್ಲಿ ಒರಗುಕುರ್ಚಿ ಹಾಕಿಕೊಂಡು ನೀರು ನೋಡುತ್ತಿದ್ದೆವು. ಮೊದಲ ದಿನ ಇಬ್ಬರಿಗೂ ಕೈ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಎರಡನೇ ದಿನ ಅಕ್ಕನಿಗೆ ನಿದ್ದೆ ಬಂತು. ಮೂರನೇ ದಿನ ನನಗೆ ಮಾತು ಬಂತು.

‘ಅಕ್ಕ, ಕಿಟಕಿ ಪಕ್ಕದ ಜಾಗ ನನಗ್ಯಾಕೆ ಕೊಟ್ಟೆ?’

‘ಯಾವ ಕಿಟಕಿ?’

‘ಅಂಗಡೀದು. ನಾನು ಬರೋಕೆ ಮುಂಚೆ ಅಲ್ಲಿ ನೀನೇ ಕೂರ್ತಿದ್ದೆಯಂತೆ. ಮಷಿನ್ ನಿನ್ನದಂತೆ. ಮೊನ್ನೆ ಇವರು ಹೇಳಿದ್ರು.’

ಅಕ್ಕ ನೀರು ನೋಡುವುದು ಬಿಟ್ಟು ನನ್ನ ಕಡೆ ತಿರುಗಿದಳು. ‘ನೀನು ಬಂದಾಗ ದಿನಾ ಅಳ್ತಿದ್ದೆ. ಬೀದಿ ಕಾಣೋ ಜಾಗದಲ್ಲಿ ಕೂರಿಸಿದ್ರೆ ಸುಮ್ನಾಗ್ತೀಯೇನೋ ಅಂತ. ಸುಮ್ನಾದೆ. ಆಮೇಲೆ ಬೀದಿಯವರ ಜೊತೆ ಜಗಳ ಶುರು ಮಾಡ್ದೆ. ಸದ್ಯ ಸರಿಹೋದ್ಲು ಅಂದ್ಕೊಂಡೆ.’

ಕತ್ತಲ ಮೂಲೆಯಲ್ಲಿ ಕೂತು ಕಣ್ಣು ಸವೆಸಿದಳು, ಗಿರಾಕಿ ಹೊಗಳಿದರೆ ನನ್ನ ಕಡೆ ಕೈ ತೋರಿಸಿದಳು, ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ‘ನಿನ್ನಿಂದ ನಾನು ಬದುಕಿದೆ ಅಕ್ಕ,’ ಎಂದೆ. ಹಾಗೆ ನೇರವಾಗಿ ಹೇಳಿ ನನಗೆ ರೂಢಿ ಇಲ್ಲ, ಮಾತು ಒರಟಾಗಿ ಬಂತು. ಅಕ್ಕ ನನ್ನ ಕೈ ಮೇಲೆ ತನ್ನ ನಡುಗುವ ಕೈ ಇಟ್ಟು, ‘ಗಾಳಿ ಜಾಸ್ತಿ ಆಯ್ತು, ಕೋಟು ಹಾಕ್ಕೋ,’ ಎಂದಳು.

ಕೊನೆಯ ಬೆಳಿಗ್ಗೆ ಮಗಳು, ಅಳಿಯ, ತಳ್ಳುಗಾಡಿಯಲ್ಲಿ ಅವಳಿಗಳು ಬಂದರುಕಟ್ಟೆಯಲ್ಲಿ ನಿಂತಿದ್ದರು. ನನ್ನ ವಿಮಾನ ಅವತ್ತೇ ಇತ್ತು, ನಡುವೆ ವಿಮಾನ ಬದಲಿಸಲು ಮತ್ತೆ ಅದೇ ನಿಲ್ದಾಣದಲ್ಲಿ ಅದೇ ಓಟ. ಟ್ಯಾಕ್ಸಿ ಹತ್ತುವಾಗ ಅಕ್ಕ ನನಗೆ ಕೋಟು ತೊಡಿಸಿ, ‘ನಿನ್ನ ಪಾಸ್‌ಪೋರ್ಟು ಒಳಜೇಬಲ್ಲಿ ಹಾಕಿ ಹೊಲಿದಿದ್ದೀನಿ. ಒಬ್ಬಳೇ ಹೋಗ್ತೀಯ, ಎಲ್ಲಾದ್ರೂ ಬೀಳಿಸ್ಕೋತೀಯ,’ ಎಂದಳು.

‘ಮತ್ತೆ ಹೊಲಿದ್ಯಾ? ಅಷ್ಟೆಲ್ಲ ಆದ ಮೇಲೂ? ನಿನಗೆ ಯಾವಾಗ ಬುದ್ಧಿ ಬರೋದು?’ ಎಂದು ಕೂಗಾಡಿದೆ. ಟ್ಯಾಕ್ಸಿ ಹೊರಟಿತು. ನಮ್ಮ ಬೀಳ್ಕೊಡುಗೆ ಅಷ್ಟೇ. ದಾರಿಯೆಲ್ಲ ಕಣ್ಣೀರು ಒರೆಸಿಕೊಂಡೆ, ಮಧ್ಯೆ ಮಧ್ಯೆ ಅವಳನ್ನು ಬೈದುಕೊಂಡೆ.

ಆ ಊರಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಕೊಡುವ ಕೌಂಟರಿಗೆ ಹೋದವಳೇ, ‘ಮೊದಲು ಒಂದು ಕತ್ತರಿ ಕೊಡಿ,’ ಎಂದೆ. ಅಲ್ಲಿದ್ದ ಹುಡುಗಿ ಗಾಬರಿಯಾಗಿ ಕೊಟ್ಟಳು. ಕೋಟು ಬಿಚ್ಚಿ ಕೌಂಟರಿನ ಮೇಲೆ ಹರಡಿದೆ.

ಹೊಲಿಗೆ ನೋಡಿ ಇನ್ನಷ್ಟು ಬಗ್ಗಿದೆ. ಉದ್ದುದ್ದ, ಅಂಕುಡೊಂಕು, ಒಂದು ಮೇಲೆ ಒಂದು ಕೆಳಗೆ. ಕಲಿಯುವ ಮಕ್ಕಳು ಹಾಕುವಂಥದ್ದು. ಒಂದು ವಾರದಲ್ಲಿ ಅವಳ ಕೈ ಇಷ್ಟು ಸೋತುಹೋಯಿತೇ ಎಂದುಕೊಂಡೆ. ಆಮೇಲೆ ಕಣ್ಣಿಗೆ ಬಿದ್ದದ್ದು ಗುಂಡಿ. ದಾರದ ಒಂದು ತುದಿಯಲ್ಲಿ ಒಂದು ಕೆಂಪು ಗುಂಡಿ ನೇತಾಡುತ್ತಿತ್ತು, ಬೆರಳಿಗೆ ಸುಲಭವಾಗಿ ಸಿಗುವ ಹಾಗೆ. ಇನ್ನೊಂದು ತುದಿ ಗಂಟಿಲ್ಲದೆ ಸುಮ್ಮನೆ ಬಿಟ್ಟಿತ್ತು.

ಕತ್ತರಿ ಪಕ್ಕಕ್ಕಿಟ್ಟು ಗುಂಡಿ ಹಿಡಿದು ಎಳೆದೆ. ಸರ್ರನೆ ಇಡೀ ದಾರ ಕೈಗೆ ಬಂತು. ಜೇಬು ಬಾಯಿ ಬಿಟ್ಟಿತು.

ಕಚ್ಚಾ ಹೊಲಿಗೆ. ಅಕ್ಕ ಹಾಕಿದ್ದು, ಅವಳ ಜನ್ಮದಲ್ಲಿ ಮೊದಲನೆಯದು. ಪಾಸ್‌ಪೋರ್ಟಿನ ಜೊತೆ ಒಂದು ಸೂಜಿಯೂ ಇತ್ತು, ತೋರಿಸಿದ ಮೇಲೆ ಮತ್ತೆ ಹೊಲಿದುಕೊಳ್ಳಲಿ ಎಂದು. ಯಾರ ಕತ್ತರಿಗೂ ನಾನು ಕೈ ಚಾಚಬೇಕಾಗಿರಲಿಲ್ಲ.

‘ಏನಾದ್ರೂ ತೊಂದರೆನಾಮ್ಮ?’ ಎಂದು ಕೌಂಟರಿನ ಹುಡುಗಿ ಕೇಳಿದಳು. ‘ಇಲ್ಲಮ್ಮ, ನಮ್ಮಕ್ಕ ಹೊಲಿದಿದ್ದು,’ ಎಂದು ಅವಳ ಕತ್ತರಿ ಹಿಂದಕ್ಕೆ ಕೊಟ್ಟೆ. ಅಳು ತಡೆಯಲಾಗಲಿಲ್ಲ.

ಒಳಗೆ ಹೋಗಿ ಕುರ್ಚಿ ಹಿಡಿದು ಅದೇ ದಾರದಿಂದ, ಅವಳು ಹಾಕಿದ್ದ ತೂತುಗಳಲ್ಲೇ, ಜೇಬು ಹೊಲಿದುಕೊಂಡೆ. ಆಮೇಲೆ ಫೋನ್ ಮಾಡಿದೆ. ಎತ್ತಿದ್ದು ಅಕ್ಕನೇ, ಹಿಂದೆ ಎರಡೂ ಮಕ್ಕಳು ಅಳುತ್ತಿದ್ದವು.

‘ಬಂತಾ ಸಲೀಸಾಗಿ?’ ಎಂದು ಕೇಳಿದಳು.

‘ಬಂತು ಅಕ್ಕ. ತುಂಬಾ ಉಪಕಾರ ಮಾಡ್ದೆ.’

‘ಅಂಥದ್ದೇನು ಮಾಡ್ದೆ? ಕೊನೇಲಿ ಗಂಟು ಹಾಕ್ಲಿಲ್ಲ, ಅಷ್ಟೇ,’ ಎಂದಳು. ‘ಇನ್ಮೇಲೆ ಅಂಗಡಿ ಮೂಲೇಲಿ ಯಾರೂ ಇರಲ್ಲ ಅಂತ ಕಿಟಕಿ ಬಿಟ್ಟು ಆ ಕತ್ತಲಲ್ಲಿ ಹೋಗಿ ಕೂರ್ಬೇಡ.’

ನಾನು ಹೂಂ ಎಂದೆ. ನನ್ನ ವಿಮಾನದ ಕರೆ ಬಂತು, ಕೋಟಿನ ಎದೆ ಮೇಲೆ ಕೈಯಿಟ್ಟುಕೊಂಡು ಸಾಲಿನಲ್ಲಿ ನಿಂತೆ.